ಹೊಗೆಸೊಪ್ಪು ಬಿಟ್ಟಿದ್ದರ ಲೆಕ್ಕ

ನನಗೆ ಬೀಡಿ, ಸಿಗರೇಟು, ಎಲೆಯಡಿಕೆ ಯಾವ ಚಟವೂ ಇಲ್ಲ. ಇರುವುದು ಒಂದೇ, ಲೆಕ್ಕದ ಚಟ. ಹಳ್ಳಿಗಳಲ್ಲಿ ಹೊಗೆಸೊಪ್ಪು ಬಿಡಿಸುವ ಕಾರ್ಯಕ್ರಮದಿಂದ ಎಷ್ಟು ರೂಪಾಯಿ ಲಾಭವಾಯಿತು ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವುದೇ ನನ್ನ ಉದ್ಯೋಗ. ಹೀಗಾಗಿ ನನ್ನ ಚಟಕ್ಕೆ ಸಂಬಳವೂ ಬರುತ್ತದೆ. ಮನೆಯಲ್ಲೂ ಅದು ನನ್ನನ್ನು ಬಿಟ್ಟಿಲ್ಲ. ಸಕ್ಕರೆ ಕಾಯಿಲೆ ಬಂದು ಸಂಜೆಯ ಕಾಫಿ ಬಿಟ್ಟ ದಿನವೇ, ಹಾಲು, ಪುಡಿ, ಸಕ್ಕರೆ ಎಲ್ಲ ಸೇರಿ ವರ್ಷಕ್ಕೆ ಇಷ್ಟು ಉಳಿಯುತ್ತದೆ ಎಂದು ಹೆಂಡತಿಗೆ ಓದಿ ಹೇಳಿದ್ದೆ. ಅವಳು "ಹ್ಞೂಂ" ಎಂದಳು. ಅಂದಿನಿಂದ ತನ್ನ ಕಾಫಿಯನ್ನು ಅಡುಗೆಮನೆಯಲ್ಲೇ ನಿಂತು ಕುಡಿಯುತ್ತಾಳೆ. ವರಾಂಡದಲ್ಲಿ ಅವಳು ಕೂರುತ್ತಿದ್ದ ಕುರ್ಚಿಯ ಮೇಲೆ ಈಗ ನನ್ನ ಫಾರಮ್ಮುಗಳು ಕೂತಿವೆ.

ಮೊನ್ನೆ ನಂಜನಗೂಡಿನಿಂದ ಬಿಳಿಗೆರೆ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿನ ಮಾದಮ್ಮ ಅರವತ್ತು ದಾಟಿದವರು, ಆರು ತಿಂಗಳಿಂದ ಹೊಗೆಸೊಪ್ಪು ಮುಟ್ಟಿಲ್ಲ. ಉಳಿದ ದುಡ್ಡು, ತಪ್ಪಿದ ಆಸ್ಪತ್ರೆಯ ಓಡಾಟ, ಎಲ್ಲವನ್ನೂ ಉತ್ಸಾಹದಿಂದ ಬರೆದುಕೊಂಡೆ.

"ಬಂದದ್ದ ಬರ್ಕಂಡ್ರಿ. ಓದದ್ದ ಬರ್ಕಳಕ್ಕೆ ಜಾಗ ಅದಾ ಸಾ?" ಎಂದರು.

"ಏನು ಹೋಯಿತಮ್ಮ?"

"ಎದುರ್ಮನೆ ಪುಟ್ತಾಯಿ. ನಲ್ವತ್ ವರ್ಸದಿಂದ ದಿನಾ ಮಧ್ಯಾನ 'ಒಂಚೂರು ಒಗೆಸೊಪ್ಪು ಕೊಡಕ್ಕ' ಅಂತ ಬಂದು, ಒತ್ತು ಮುಳ್ಗೋಗಂಟ ಕುಂತ್ಕತಿದ್ಲು. ನಾ ಬುಟ್ಮೇಲೆ ಏನ ಕೇಳ್ಕಂಡು ಬತ್ತಾಳು?"

"ನೀವೇ ಹೋಗಿ."

"ನಾ ಯಾವತ್ತೂ ಅವ್ಳ ಮನ್ಗೆ ಓದೋಳಲ್ಲ. ಈಗ ಏನಂತ ಓಗ್ಲಿ?" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಎಲ್ಲೂ ಜಾಗವಿರಲಿಲ್ಲ. ಅವರನ್ನು ಈ ಸಂಕಟಕ್ಕೆ ನೂಕಿದವರಲ್ಲಿ ನಾನೂ ಒಬ್ಬ ಅನ್ನಿಸಿತು.

"ಕರಿಬೇವು ಕೇಳ್ಕೊಂಡು ಹೋಗಿ" ಎಂದೆ.

"ನಮ್ಮಿತ್ಲಲ್ಲೇ ಮರ ಅದಲ್ಲ ಸಾ!"

"ಇರಲಿ ಬಿಡಿ."

ಬೈಕು ತಿರುಗಿಸುವಾಗ ನೋಡಿದರೆ, ಮಾದಮ್ಮ ಎದುರುಮನೆಯ ಬಾಗಿಲಲ್ಲಿ ನಿಂತು "ಎರಡೆಸ್ಳು ಕರಿಬೇವು ಕೊಡಮ್ಮಿ" ಎನ್ನುತ್ತಿದ್ದರು. "ಯಾಕಕ್ಕ, ನಿಮ್ಮಿತ್ಲ ಮರ ಬಿದ್ದೋಯ್ತಾ?" ಎಂದು ಒಳಗಿನಿಂದ ಪುಟ್ಟತಾಯಿಯ ದನಿ ಬಂತು. ಮಾದಮ್ಮ ಏನೆಂದರೋ ಕೇಳಿಸಲಿಲ್ಲ, ಇಬ್ಬರೂ ನಕ್ಕಿದ್ದು ಮಾತ್ರ ಕೇಳಿಸಿತು.

ಸಂಜೆ ಮನೆಗೆ ಬಂದವನೇ ಫಾರಮ್ಮುಗಳನ್ನು ಕುರ್ಚಿಯಿಂದ ಇಳಿಸಿದೆ. "ನಿನ್ನ ಕಾಫಿ ತಗೊಂಡು ಇಲ್ಲಿಗೇ ಬಾ. ಬರೋವಾಗ ನಂಗೊಂದು ಲೋಟ ಬಿಸಿನೀರು" ಎಂದು ಕೂಗಿದೆ.

"ನಿಮ್ಮ ಪಕ್ಕದಲ್ಲೇ ಫ್ಲಾಸ್ಕು ಇದೆಯಲ್ರೀ!"

ಇತ್ತು. "ಇರಲಿ ಬಾ" ಎಂದೆ.

ಅವಳು ಬಂದಳು, ನನ್ನ ಮುಖವನ್ನೊಮ್ಮೆ ನೋಡಿದಳು, ಕೂತಳು. "ಇದರಿಂದ ಎಷ್ಟು ಉಳೀತು ಅಂತ ಬರ್ಕೊಳ್ಳಲ್ವಾ?" ಎಂದು ಕೆಣಕಿದಳು. ಇಲ್ಲವೆಂದು ತಲೆಯಾಡಿಸಿದೆ. ಆದರೆ ಚಟ ನೋಡಿ, ಕಾಫಿ ಬಿಟ್ಟಂದಿನಿಂದ ನಮ್ಮ ಎಷ್ಟು ಸಂಜೆಗಳು ಹೋದವು ಎಂದು ಮನಸ್ಸು ಆಗಲೇ ಎಣಿಸಲು ಶುರುಮಾಡಿತ್ತು.