ಸರ್ವರ್‌ಗೆ ಸೋಮವಾರದ ಸೂಟಿ

ಒಂದು ಕಡೆ ನೆಟ್ಟಗೆ ನಿಲ್ಲದವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನನ್ನ ಹೆಸರಿನ ಕೆಳಗೆ ‘ಮೋಟಾರು ಸುತ್ತುವವರು, ಬೈಲಹೊಂಗಲ’ ಎಂದಷ್ಟೇ ಬರೆದರೂ ಟಪಾಲು ಬಂದು ಮುಟ್ಟುತ್ತಿತ್ತು; ಸುಟ್ಟ ಮೋಟಾರಿಗೆ ತಂತಿ ಸುತ್ತುವುದನ್ನು ಬಿಟ್ಟು ಕಂಪ್ಯೂಟರ್ ಅಂಗಡಿ ಇಟ್ಟು ಹತ್ತು ವರ್ಷವಾಗಿದ್ದರೂ. ವಿಳಾಸವೆಂದರೆ ಹಾಗಿರಬೇಕು. ನಾನು ಏಳನೆಯ ಇಯತ್ತೆಗೇ ಸಾಲಿ ಬಿಟ್ಟವನು. ನಾಚಿಕೆಯಿಂದ ಹೇಳುತ್ತಿಲ್ಲ. ಕಲಿತವರು ಓದಿ ತಿಳಿದದ್ದನ್ನು ನಾನು ಕೈ ಸುಟ್ಟುಕೊಂಡು ತಿಳಿದಿದ್ದೇನೆ, ಇಷ್ಟೇ ವ್ಯತ್ಯಾಸ. ಇಂಥ ನನ್ನನ್ನು ಒಂದು ಸರ್ವರ್ ನಾಲ್ಕೂರ ನಡುವೆ ನಗೆಪಾಟಲು ಮಾಡಿತೆಂದರೆ ಸಿಟ್ಟು ಬರಬೇಕೋ ಬೇಡವೋ, ನೀವೇ ಹೇಳಿ.

೨೦೦೯ರ ಸುಮಾರಿನ ಮಾತು. ದೂರದ ಕಂಪನಿಯೊಂದು ತನ್ನ ಕಂಪ್ಯೂಟರುಗಳನ್ನು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿತ್ತು. ಅದಕ್ಕೆ ‘ಕ್ಲೌಡ್’ ಎಂದು ಹೆಸರು. ಇಲ್ಲಿ ಕೂತು ನಾಲ್ಕು ಸಾಲು ಕೋಡ್ ಬರೆದರೆ ಅಲ್ಲೊಂದು ಸರ್ವರ್ ಎದ್ದು ನಿಲ್ಲುತ್ತಿತ್ತು. ಅದಕ್ಕೊಂದು ಅಂಕಿಗಳ ವಿಳಾಸ: ನಾಲ್ಕು ತುಂಡು, ನಡುವೆ ಮೂರು ಚುಕ್ಕೆ. ಮಾದರಿ ಕೋಡ್ ಒಂದನ್ನು ಮುಂದಿಟ್ಟುಕೊಂಡು, ಬೇಡವಾದ ಸಾಲುಗಳನ್ನು ಅಳಿಸಿ, ನಾನೇ ನನ್ನ ಸರ್ವರನ್ನು ಎಬ್ಬಿಸಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹತ್ತಿ, ಬೆಲ್ಲ, ಗೋವಿನಜೋಳದ ಧಾರಣೆಗಳನ್ನು ಅದರಲ್ಲಿ ಹಾಕಿದೆ; ಕಂಪ್ಯೂಟರಿನಲ್ಲಿ ಆ ಅಂಕಿಗಳನ್ನು ಒತ್ತಿದರೆ ದಿನದ ದರ ಕಾಣುತ್ತಿತ್ತು. ಅಂಕಿಗಳ ಬದಲು ದುಡ್ಡು ಕೊಟ್ಟು ಅಕ್ಷರದ ಹೆಸರು ಕೊಳ್ಳುವುದು ನನಗೆ ಬೇಕಿರಲಿಲ್ಲ. ದಲಾಲಿ ವ್ಯಾಪಾರದ ನಮ್ಮ ಅಡತಿ ಅಂಗಡಿಯವರು ನೂರು ಫೋನ್ ನಂಬರು ಬಾಯಲ್ಲಿಟ್ಟುಕೊಂಡವರು, ಇದೊಂದು ಹೆಚ್ಚೇ? ಪೇಂಟರ್ ರಾಜೇಸಾಬನನ್ನು ಕರೆದುಕೊಂಡು ಹೋಗಿ ನಾಲ್ಕೂರಿನ ಗೋಡೆಗಳ ಮೇಲೆ ಹಳದಿ ಎಣ್ಣೆ ಬಣ್ಣದಲ್ಲಿ ಆ ಅಂಕಿಗಳನ್ನು ಬರೆಸಿದೆ. ಚುಕ್ಕೆಗಳನ್ನು ಅವನು ಭಕ್ರಿಯಷ್ಟು ದೊಡ್ಡದು ಮಾಡಿದ. ದೂರಕ್ಕೆ ಕಾಣಲೆಂದು ನಾನೂ ಒಪ್ಪಿದೆ. ‘ಸೂರ್ಯ ದಿಕ್ಕು ಬದಲಿಸಿದರೂ ಈ ನಂಬರು ಬದಲಾಗುವುದಿಲ್ಲ’ ಎಂದು ಎಲ್ಲ ಕಡೆಗೂ ಹೇಳಿ ಬಂದೆ. ಅದೇ ತಪ್ಪಾಯಿತು.

ಮಂಗಳವಾರ ನಂಬರು ಹತ್ತಲಿಲ್ಲ. ನೋಡಿದರೆ ಸರ್ವರ್‌ಗೆ ಬೇರೆಯೇ ವಿಳಾಸ. ಎಲ್ಲರಿಗೂ ಫೋನ್ ಮಾಡಿ ಹೊಸದನ್ನು ಬರೆದುಕೊಳ್ಳಲು ಹೇಳಿದೆ. ಮುಂದಿನ ಮಂಗಳವಾರ ಮತ್ತೊಂದು. ಅದರ ಮುಂದಿನ ಮಂಗಳವಾರ ಇನ್ನೊಂದು. ಕಂಪನಿಗೆ ನನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಚೆನ್ನಾಗಿ ಬೈದು ಬರೆದೆ. ಅವರು ‘ನಮ್ಮ ಕೈಪಿಡಿ ಓದಿರಿ’ ಎಂದು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು. ಬೈದವನಿಗೆ ಮರ್ಯಾದೆ ಕೊಡುವುದಕ್ಕಿಂತ ದೊಡ್ಡ ಅವಮಾನ ಇಲ್ಲ.

ರಾಮದುರ್ಗದ ಅಡತಿ ಅಂಗಡಿಯ ಮಲ್ಲೇಶಪ್ಪ ಮಾತ್ರ ಮರ್ಯಾದೆಯ ಗೊಡವೆಗೆ ಹೋಗಲಿಲ್ಲ. “ಏನಪಾ, ನಿನ್ನ ಮಷೀನು ವಾರಕ್ಕೊಂದ ಮನಿ ಬದಲ ಮಾಡಾಕ ಹತ್ತೈತಿ? ಬಾಡಿಗಿ ಮುಳಗಿಸಿ ಓಡೂ ಮಂದಿ ಹಂಗ. ಬರೂ ಮಂಗಳವಾರ ಗ್ವಾಡಿ ಮ್ಯಾಲಿನ ನಂಬರ ಹತ್ತಲಿಲ್ಲಂದ್ರ ಸುಣ್ಣಾ ಹೊಡಸ್ತೇನಿ ನೋಡ” ಎಂದ. ಅವನು ಸುಣ್ಣ ಹೊಡೆಸಿದರೆ ಉಳಿದ ಊರಿನವರೂ ಹೊಡೆಸುತ್ತಾರೆ. ಅದು ಬರೀ ಗೋಡೆಗಲ್ಲ, ನನ್ನ ಮಾತಿಗೇ ಹೊಡೆಯುವ ಸುಣ್ಣ.

ಊಟಕ್ಕೆ ಕೂತಾಗಲೂ ಕಂಪನಿಯನ್ನು ಬೈಯುತ್ತಲೇ ಇದ್ದೆ. ನಮ್ಮಾಕೆ, ಪ್ರತಿ ಸಲ ಮಂಗಳವಾರವೇ ತಪ್ಪುತ್ತದಲ್ಲ, ಸೋಮವಾರ ಅದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದಳು. ಇದೆಂಥ ಪ್ರಶ್ನೆ? ಸೋಮವಾರ ಬಸವಣ್ಣನ ವಾರ, ಅಂದು ನಮ್ಮಲ್ಲಿ ಯಾರೂ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ದುಡಿಯುವ ಸರ್ವರ್‌ಗೂ ನಾನು ಸೂಟಿ ಕೊಟ್ಟಿದ್ದೆ. ಐತವಾರ ಸಂಜೆ ನನ್ನ ಪ್ರೋಗ್ರಾಮು ಅದನ್ನು ತೆಗೆದುಹಾಕುತ್ತಿತ್ತು, ಮಂಗಳವಾರ ಬೆಳಿಗ್ಗೆ ಹೊಸದನ್ನು ಎಬ್ಬಿಸುತ್ತಿತ್ತು. ಇದನ್ನು ಹೆಮ್ಮೆಯಿಂದಲೇ ಹೇಳಿದೆ.

ಆಕೆ ಸಾರು ಬಡಿಸುತ್ತಾ, “ಎತ್ತಿಗೆ ಸೂಟಿ ಅಂದ್ರ ಅದರ ಮೇವಿನ ಗ್ವಾದಲಿ ಮುಂದನ ಕಟ್ಟತಾರ್ರಿ. ನೀವು ಐತವಾರ ಎತ್ತ ಮಾರಿ, ಮಂಗಳವಾರ ಬ್ಯಾರೆ ಎತ್ತ ತರಾಕ ಹತ್ತೀರಿ. ಹಳೇ ಹೆಸರಿಲೆ ಕರದ್ರ ಅದ ಹೆಂಗ ಬರತೈತಿ?” ಎಂದಳು.

ನಾನು ಅರ್ಧ ಊಟಕ್ಕೇ ಎದ್ದು ಹೋಗಿ ಮಾದರಿ ಕೋಡ್ ತೆಗೆದೆ. ಇತ್ತು. ಮೊದಲೊಂದು ವಿಳಾಸವನ್ನು ಕಾಯಂ ಮಾಡಿಸಿಕೊಂಡು, ಎಬ್ಬಿಸಿದ ಸರ್ವರ್‌ಗೆ ಪ್ರತಿ ಸಲವೂ ಅದನ್ನೇ ಕಟ್ಟುವ ಸಾಲು. ವಿಳಾಸ ಕಾಯಂ ಇರದೆ ಇನ್ನೇನು, ದಂಡದ ಮಾತು ಎಂದು ನಾನೇ ಅಳಿಸಿದ್ದ ಸಾಲು ಅದು. ಮತ್ತೆ ಸೇರಿಸಿದೆ. ಆದರೆ ಗೋಡೆಯ ಮೇಲಿನ ಹಳೆಯ ನಂಬರು ಸಿಗಲಿಲ್ಲ, ಅಷ್ಟರಲ್ಲಿ ಅದು ಯಾರ ಪಾಲಾಗಿತ್ತೋ. ಸಿಕ್ಕ ಹೊಸದನ್ನೇ ಬರೆಯಲು ರಾಜೇಸಾಬನನ್ನು ರಾಮದುರ್ಗ, ಸವದತ್ತಿ, ಕಿತ್ತೂರಿಗೆ ಓಡಿಸಿದೆ.

ಮಂಗಳವಾರ ಮಲ್ಲೇಶಪ್ಪನ ಫೋನ್ ಬಂತು. “ಹತ್ತೈತಿ” ಎಂದು ಇಟ್ಟುಬಿಟ್ಟ. ಹೊಗಳಿಕೆ ಅವನ ಬಾಯಲ್ಲಿ ಇಷ್ಟೇ ಬರುವುದು.

ಕೊನೆಗೆ ಉಳಿದದ್ದು ನನ್ನ ಅಂಗಡಿಯ ಗೋಡೆ. ಆ ವಾರದ ಐತವಾರ ಸಂಜೆ ರಾಜೇಸಾಬ ಬಂದ. ಕೈಯಲ್ಲಿ ಎಣ್ಣೆ ಬಣ್ಣದ ಡಬ್ಬಿ ಇಲ್ಲ, ಸುಣ್ಣದ ಬಕೀಟು. ಇದೇನೋ ಎಂದೆ.

“ಇರಲಿ ಬಿಡ್ರಿ ಮಾಲಕ್ರ, ಮೂರೂರಾಗೂ ಇದರಲೇನ ಬರದೇನಿ. ನಾಳೆ ಮತ್ತ ಒರಸಾಕ ಹಗೂರ ಆಗತೈತಿ” ಎಂದ.

ನಾಲ್ಕೂರಿಗೂ ಕೇಳುವಂತೆ ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸರ್ವರ್‌ಗೆ ಸೂಟಿ ಕೊಡುವ ಹೊತ್ತಾಯಿತೆಂದು ನೆನಪಾಯಿತು. ವಿಳಾಸ ಕಟ್ಟುವ ಆ ಸಾಲು ಅಲ್ಲಿಯೇ ಇದೆಯೋ ಇಲ್ಲವೋ ನೋಡಿ ಬರಲು ಒಳಗೆ ಹೋದೆ.