ಸುತಳಿ ತರಲು ಕಳಿಸುವ ಕಾಕಾ

ನಮ್ಮ ಕಾಕಾ ಕ್ಷೇಮ ವಿಚಾರಿಸಲು ಬಂದರೆ ಎಂಥ ರೋಗಿಯೂ ಹಾಸಿಗೆಯಿಂದ ಎದ್ದು ಕೂಡುತ್ತಾನೆ! ಗುಣವಾಗಿ ಅಲ್ಲ, ಗಾಬರಿಯಾಗಿ. ಶಿರಹಟ್ಟಿಯ ಬಜಾರದಲ್ಲಿ ಅವರು ಯಾರನ್ನಾದರೂ ನಿಲ್ಲಿಸಿ "ಮೈಯಾಗ ಆರಾಮ ಅದೀರಿಲ್ರೀ?" ಎಂದು ಕೇಳಿದರೆ ಸಾಕು, ಆ ಮನುಷ್ಯ ಮುಂದಿನ ಬಸ್ಸಿಗೆ ಗದಗಿನ ಡಾಕ್ಟರರ ಹತ್ತಿರ ಓಡುತ್ತಾನೆ. ಬಂಧುಬಳಗದವರು ಒಂದು ಒಪ್ಪಂದಕ್ಕೇ ಬಂದುಬಿಟ್ಟಿದ್ದರು: ಯಾರಾದರೂ ದವಾಖಾನೆ ಸೇರಿದರೆ ಖಬರ್ ಊರಿಗೆಲ್ಲ ಮುಟ್ಟಲಿ, ಕಾಕಾನಿಗೆ ಮಾತ್ರ ಬೇಡ.

ಅವರು ಯಮಧರ್ಮನ ಕಡೆಯ ಗುಮಾಸ್ತರೇನಲ್ಲ. ನಮ್ಮ ಅಪ್ಪನ ಖಾಸಾ ತಮ್ಮ. ಹೊಟ್ಟೆಪಾಡಿಗೆ ಒಂದು ಭಾಂಡೆ ಅಂಗಡಿ, ಕೊಡ, ತಪ್ಪೇಲಿ, ಚರಿಗೆ ಮಾರುವುದು. ಆದರೆ ಅವರ ಹೆಸರು ಇರುವುದು ಬೇರೆ ಕೆಲಸಕ್ಕೆ. ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕಾಲು ಮಡಚಿ ಕೂಡಿಸಿ, ಬಿದಿರು ಮತ್ತು ಬಾಳೆಕಂಬದ ವಿಮಾನ ಕಟ್ಟಿ, ಅದರೊಳಗೆ ರಾಜನ ಹಾಗೆ ಕೂಡಿಸಿಕೊಂಡು ಭಜನೆಯೊಂದಿಗೆ ಹೆಗಲ ಮೇಲೆ ಒಯ್ಯುತ್ತಾರೆ. ಬದುಕಿದ್ದಾಗ ಎತ್ತಿನ ಗಾಡಿಯಲ್ಲೂ ಜಾಗ ಸಿಗದವನಿಗೆ ಆ ದಿನ ವಿಮಾನ! ಅದನ್ನು ಕಟ್ಟುವುದರಲ್ಲಿ, ಕಟ್ಟಿಸುವುದರಲ್ಲಿ, ಇಡೀ ಸಾವಿನ ಮನೆಯನ್ನು ಹಿಡಿತಕ್ಕೆ ತರುವುದರಲ್ಲಿ ಸುತ್ತ ನಾಕು ಊರಿಗೆ ಕಾಕಾ ಒಬ್ಬರೇ. ಅಂಗಡಿಯ ಮೊಳೆಗೆ ಯಾವಾಗಲೂ ಒಂದು ಖಾಕಿ ಚೀಲ ತೂಗುತ್ತಿತ್ತು. ಅದರೊಳಗೆ ಕುಡುಗೋಲು, ದಬ್ಬಣ, ಬಿದಿರು ಬಿಗಿಯುವ ಸೆಣಬಿನ ಸುತಳಿ ಉಂಡೆ. ಫೋನ್ ಬಂದ ಕೂಡಲೇ ಚೀಲ ಹೆಗಲಿಗೆ, ಅಂಗಡಿ ಚಿಗವ್ವನಿಗೆ.

ಚಿಗವ್ವ ಅಂದರೆ ಕಾಕಾನ ಹೆಂಡತಿ. ಆಕೆಯ ಎಡಮೊಣಕಾಲು ಮಡಚುತ್ತಿರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಎಡಗಾಲನ್ನು ಮುಂದಕ್ಕೆ ಚಾಚಿಕೊಂಡೇ ಕೂಡುತ್ತಿದ್ದಳು. ಗಿರಾಕಿಗಳು ಆ ಕಾಲನ್ನು ದಾಟಿಕೊಂಡು ಹೋಗಿ ಕೊಡ ನೋಡಬೇಕು.

"ಊರ ಹೆಣಕ್ಕೆಲ್ಲಾ ಕುಂಡ್ರಾಕ ಜಾಗಾ ಮಾಡಿಕೊಡತೀರಿ. ಜೀವಂತ ಇರೂ ನನಗ ಒಂದ ಎತ್ತರದ ಖುರ್ಚಿ ತಂದ ಕೊಡಾಕ ಆಗವಲ್ದೇನ್ರಿ?" ಎಂದು ಆಕೆ.

"ಮೊದಲ ಆ ಕಾಲ ಒಳಗ ತಗೋ. ಗಿರಾಕಿ ಎಡವಿ ಬಿದ್ದು ಸತ್ರ ಅವಂಗೂ ನಾನ ಕಟ್ಟಬೇಕು!" ಎಂದು ಇವರು.

ಹೀಗಿತ್ತು ಆ ದಾಂಪತ್ಯ. ಪ್ರೀತಿ ಎಂಬುದನ್ನು ಇಬ್ಬರೂ ಎಲ್ಲಿ ಬಚ್ಚಿಟ್ಟಿದ್ದರೋ, ಆ ಭಾಂಡೆಗಳ ರಾಶಿಯಲ್ಲಿ ನನಗಂತೂ ಕಂಡಿರಲಿಲ್ಲ. ಒಮ್ಮೆ ಚಿಗವ್ವ ನನ್ನೆದುರಿಗೇ ಹೇಳಿದಳು: "ನಾನ ಮುಂದ ಹೋಗಾಕಿ ನೋಡ್ರಿ. ನಿಮ್ಮ ಕೈಲೆ ಕಟ್ಟಿಸಿಕೊಂಡ ಹೋಗತೇನಿ. ಉಳದವ್ರು ಎಲ್ಲಾ ಸೊಟ್ಟ ಕಟ್ಟತಾರ." ಕಾಕಾ ತಪ್ಪೇಲಿ ಒರೆಸುತ್ತ, "ಹೋಗೂ ಮುಂದ ಹೇಳಿ ಹೋಗು, ಅಂಗಡಿ ಕೀಲಿ ಹಾಕಬೇಕು" ಎಂದರು. ಮೂವರೂ ನಕ್ಕೆವು. ಆದರೆ ಗದಗಿಗೆ ಮರಳುವ ಬಸ್ಸಿನಲ್ಲಿ ನನಗೆ ನಗು ನಿಂತುಹೋಯಿತು. ಎಲ್ಲರ ಸಾವಿನ ಮನೆಗೂ ಕಾಕಾ ಇದ್ದಾರೆ, ಕಾಕಾನ ಮನೆಗೆ ಯಾರು?

ಇರಲಿ, ಅವರ ಪ್ರತಾಪಕ್ಕೆ ಬರೋಣ. ಮುಂಡರಗಿಯಲ್ಲಿ ಒಬ್ಬ ಮುದುಕ ಹೋಗಿಬಿಟ್ಟ ಎಂದು ಯಾರೋ ಅವಸರದಲ್ಲಿ ಫೋನ್ ಮಾಡಿದರು. ಕಾಕಾ ಹೋದವರೇ, ಅಳುವವರನ್ನು ಪಕ್ಕಕ್ಕೆ ಸರಿಸಿ, ಸುತಳಿ ಬಿಚ್ಚಿ ಭುಜದ ಅಳತೆ ತೆಗೆಯತೊಡಗಿದರು. ಮುದುಕ ಒಂದು ಕಣ್ಣು ತೆರೆದು ಕೇಳಿದ: "ಅಂಗಿ ಹೊಲಿಸಾಕತ್ತೀರೇನ್ರಪಾ?" ಮನೆಯವರಿಗೆಲ್ಲ ಖುಷಿಯೋ ಖುಷಿ. ಕಾಕಾನ ಮುಖ ಮಾತ್ರ ಗಂಟಿಕ್ಕಿತು. "ಖಾತ್ರಿ ಮಾಡ್ಕೊಳ್ಳದ ಮಂದೀನ ಕರಸಬಾರದ್ರಿ, ನಂಗೂ ಕೆಲಸ ಇರತಾವ" ಎಂದು ಗದರಿ ಬಂದರು. ಮುದುಕ ಮುಂದೆ ಬಹಳ ವರ್ಷ ಬದುಕಿದ. ಕಾಕಾ ದೂರದಲ್ಲಿ ಕಂಡರೂ ಸಾಕು, ಬಡಿಗೆ ಬಿಟ್ಟು ನೆಟ್ಟಗೆ ನಡೆಯುತ್ತಿದ್ದ!

ಇಂಥವರನ್ನು ನಾನು ನಮ್ಮ ಕಾಲೇಜಿಗೆ ಭಾಷಣಕ್ಕೆ ಕರೆಸಿದೆ ಎಂದರೆ ನನ್ನ ತಲೆ ಸರಿಯಿತ್ತೇ? ನಾನು ಗದಗಿನಲ್ಲಿ ಕಾಮರ್ಸ್ ಕಲಿಸುವವಳು. ನಮ್ಮ ಪ್ರಿನ್ಸಿಪಾಲರಿಗೆ ಒಂದು ಹುಚ್ಚು ಹತ್ತಿತ್ತು. ದುಡಿಮೆ, ನಾಯಕತ್ವ, ಸೃಜನಶೀಲತೆ ಈ ಮೂರರ ಬಗ್ಗೆ ಸಾಧಕರಿಂದ ಮಕ್ಕಳಿಗೆ ಪಾಠ ಹೇಳಿಸುವುದು. ಬಂದ ಸಾಧಕರೆಲ್ಲರೂ ಬೆಳಿಗ್ಗೆ ಬೇಗ ಏಳಿ ಎಂಬ ಒಂದೇ ಮಾತು ಹೇಳಿ, ಶಾಲು ಹೊದೆಸಿಕೊಂಡು ಹೋದರು. ಸಾಧಕರ ಸರಬರಾಜು ಮುಗಿದಾಗ ಪ್ರಿನ್ಸಿಪಾಲರು ನನ್ನನ್ನು ಹಿಡಿದರು. "ಮೇಡಂ, ನಿಮ್ಮ ಕಡೆ ಯಾರಾದರೂ?" ಬಾಯಿ ತಪ್ಪಿ ಕಾಕಾ ಎಂದೆ. "ಏನು ಮಾಡತಾರ್ರೀ ಅವರು?" ಏನೆಂದು ಹೇಳಲಿ! "ಮಂದೀನ ಕೂಡಿಸಿಕೊಂಡು ಕೆಲಸಾ ತಗಿಯೂದ್ರಾಗ ಭಾಳ ಅನುಭವ ಐತ್ರಿ ಸರ್" ಎಂದೆ. ಸುಳ್ಳೇನಲ್ಲವಲ್ಲ.

ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಖಾಕಿ ಚೀಲದ ಸಮೇತ ಬಂದರು. ವೇದಿಕೆಗೆ ಕಟ್ಟಿದ್ದ ಬಾಳೆಕಂಬವನ್ನು ಬೆರಳಿನಿಂದ ಬಡಿದು ನೋಡಿ, "ಚೊಲೋ ಅದಾವ, ಎರಡ ದಿನಾ ತಡೀತಾವ" ಎಂದರು. ಪ್ರಿನ್ಸಿಪಾಲರು ಹೆಮ್ಮೆಯಿಂದ ನಕ್ಕರು, ಪಾಪ. ಆಮೇಲೆ ಮೈಕಿನ ಮುಂದೆ ನಿಂತು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಆ ನೀಲಿ ಅಂಗಿಯಾಂವ, ಈ ಉದ್ದನ್ನಾಂವ, ಹಿಂದ ಕುಂತಾಂವ, ಏಳ್ರಿ ಮ್ಯಾಲ. ನೀವು ಮುಂದಿನ ಹೆಗಲಿಗೆ ಬರತೀರಿ. ಗಿಡ್ಡ ಮಂದಿ ಹಿಂದಿಂದಕ್ಕ. ಮುಂದ ಎತ್ತರ, ಹಿಂದ ಗಿಡ್ಡ ಆದ್ರ ಕುಂತಾವ್ರು ಮಾರಿ ಮ್ಯಾಲ ಮಾಡಿ ಆರಾಮ ಹೋಗತಾರ. ತಿರುಗಾಮುರುಗಾ ಆದ್ರ ಮುಂದಕ್ಕ ಮುಗ್ಗರಸತಾರ." ಎಲ್ಲಿಗೆ ಹೋಗುತ್ತಾರೆ, ಯಾರು ಕೂತಿರುತ್ತಾರೆ ಎಂಬುದು ಸಭೆಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಆದರೆ ಮಕ್ಕಳು ಹಿಂದೆಂದೂ ಇಲ್ಲದಷ್ಟು ಎಚ್ಚರವಾಗಿ ಕೂತಿದ್ದರು! ಸೃಜನಶೀಲತೆಗೆ ಕಾಕಾ ಬಾಳೆಹೊಸೂರಿನ ಕಥೆ ಹೇಳಿದರು. ಮಳೆ ಜಿನುಗುತ್ತಿದೆ ಎಂದು ಅಲ್ಲಿ ವಿಮಾನವನ್ನು ಪಡಸಾಲೆಯ ಒಳಗೇ ಕಟ್ಟಿದರಂತೆ. ಸತ್ತವರು ಭಾರೀ ಆಳು, ವಿಮಾನವೂ ಭಾರಿ. ಕಟ್ಟಿ ಮುಗಿಸಿ ನೋಡುತ್ತಾರೆ, ಬಾಗಿಲಲ್ಲಿ ಹಾಯುವುದಿಲ್ಲ! ಆ ಮನೆಯ ಪಾಲಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣ ತಮ್ಮ ಇಬ್ಬರ ಕೈಗೂ ಕಾಕಾ ಒಂದೊಂದು ಹಾರೆ ಕೊಟ್ಟರು. ಅವರಿಬ್ಬರೂ ಸೇರಿ ಬಾಗಿಲ ಚೌಕಟ್ಟು ಕಿತ್ತು ಅಪ್ಪನನ್ನು ಹೊರಗೆ ತಂದರು. "ಅಳತಿ ತಪ್ಪಿದ್ದು ನಂದ, ಖರೆ. ಆದ್ರ ಅವತ್ತಿಂದ ಅವರು ಮಾತಾಡತಾರ. ಬಾಗಲಾ ಮಾತ್ರ ಇನ್ನೂ ಹಚ್ಚಿಲ್ಲ, ಯಾರು ಹಚ್ಚಬೇಕು ಅಂತ ಜಗಳ ನಡದೈತಿ."

ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು, "ಅಜ್ಜಾರ, ಅಷ್ಟ ಮಂದಿ ಅಳಾಕತ್ತಿರತಾರ, ಅವರನ್ನ ಹೆಂಗ ಸಂಭಾಳಸತೀರಿ?" ಎಂದು ಕೇಳಿದಳು.

"ಅಳವ್ರ ಚಿಂತಿ ಮಾಡಬಾರದು ತಂಗಿ. ಅವರಷ್ಟಕ್ಕ ಅವರು ಅತ್ತು ಹಗುರ ಆಗತಾರ. ಕಲ್ಲಿನಂಗ ಸುಮ್ನ ಕುಂತಿರತಾರ ನೋಡು, ಅವರನ್ನ ಹುಡಕಬೇಕು. ಹುಡಕಿ ಎಬ್ಬಿಸಿ ಏನರೆ ಒಂದ ಕೆಲಸಕ್ಕ ಹಚ್ಚಬೇಕು. ನಮ್ಮ ಕೆಲಸದಾಗ ಅದ ದೊಡ್ಡದು. ಬಿದರ ಕಟ್ಟೂದು ಯಾರಿಗರೆ ಬರತೈತಿ."

ಚಪ್ಪಾಳೆ ಬಿತ್ತು. ಕಾಲೇಜಿನ ಸಾಧಕರ ಮಾಲೆ ಅಲ್ಲಿಗೇ ನಿಂತಿತು ಎಂಬುದು ಬೇರೆ ಮಾತು. ಶಾಲು ಹೊದೆಸುವಾಗ ಕಾಕಾ ಪ್ರಿನ್ಸಿಪಾಲರನ್ನು ಮೇಲಿಂದ ಕೆಳಗೆ ನೋಡಿ, "ಮೈಯಾಗ ಆರಾಮ ಅದೀರಿಲ್ರೀ?" ಎಂದುಬಿಟ್ಟರು. ಅವರು ಮರುದಿನ ರಜೆ ಹಾಕಿದರು.

ಮುಂದಿನ ಬೇಸಿಗೆಗೆ ನಮ್ಮ ಅಪ್ಪ ಹೋದರು. ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಅವ್ವ ಅಳುತ್ತಿದ್ದಳು, ಅತ್ತೆಯರು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಅಪ್ಪನ ಕಿವಿಯ ಮೇಲೆ ಒಂದಿಷ್ಟು ವಿಭೂತಿ ಬಿದ್ದಿತ್ತು. ಅದನ್ನೇ ನೋಡುತ್ತ ಕೂತಿದ್ದೆ. ಯಾರು ಏನೆಂದರೂ ಕೇಳಿಸುತ್ತಿರಲಿಲ್ಲ. ಕಾಕಾ ಅಂಗಳದಲ್ಲಿ ಅಣ್ಣನ ವಿಮಾನ ಕಟ್ಟುತ್ತ, ಎಲ್ಲರ ಮೇಲೆ ಹರಿಹಾಯುತ್ತಿದ್ದರು. ಇದ್ದಕ್ಕಿದ್ದಂತೆ ನನ್ನ ಮುಂದೆ ಬಂದು ನಿಂತರು.

"ಏ ತಂಗಿ, ಏನ ಸುಮ್ನ ಕುಂತಿ? ಸುತಳಿ ತೀರೇತಿ. ಹೋಗಿ ತಗೊಂಡ ಬಾ."

ಅಪ್ಪನ ಹೆಣದ ಮುಂದಿನಿಂದ ಮಗಳನ್ನು ಎಬ್ಬಿಸಿ ಬಜಾರಕ್ಕೆ ಅಟ್ಟುವುದೇ! ಅಷ್ಟು ಮಂದಿ ಗಂಡಸರು ಕೈಕಟ್ಟಿ ನಿಂತಿದ್ದರಲ್ಲ? ಆದರೂ ಯಾಕೋ ಎದ್ದೆ. "ದಪ್ಪಂದೊ, ಸಣ್ಣದೊ?" ಎಂದು ಕೇಳಿದೆ. "ಎರಡೂ ತಗೊಂಡ ಬಾ" ಎಂದು ಗದರಿದರು. ನಡೆದುಕೊಂಡು ಹೋದೆ. ಅಂಗಡಿಯವನು ಉಂಡೆಗಳನ್ನು ಮುಂದಿಟ್ಟು, "ಯಾತಕ್ಕ ಬೇಕಾಗಿತ್ರೀ ಅಕ್ಕಾರ, ಚೀಲಾ ಹೊಲ್ಯಾಕೋ, ಏನರೆ ಕಟ್ಟಾಕೋ?" ಎಂದು ಕೇಳಿದ. "ನಮ್ಮ ಅಪ್ಪಗ" ಎಂದೆ. ಆ ಎರಡು ಶಬ್ದ ಬಾಯಿಂದ ಹೊರಬಿದ್ದದ್ದೇ ತಡ, ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಹೋ ಎಂದು ಅತ್ತೆ. ಗುರುತಿಲ್ಲದ ಆ ಅಂಗಡಿಯವನು ಒಂದು ಲೋಟ ನೀರು ತಂದಿಟ್ಟು, ಬೇರೆ ಗಿರಾಕಿಗಳ ಕಡೆ ತಿರುಗಿದ. ಮನೆಗೆ ಬಂದು ನೋಡುತ್ತೇನೆ, ಕಾಕಾನ ಖಾಕಿ ಚೀಲದಲ್ಲಿ ಬಿಚ್ಚದ ಸುತಳಿ ಉಂಡೆಗಳು ಹಾಗೆಯೇ ಇವೆ! ಸಿಟ್ಟಿನಿಂದ ಅವರ ಮುಂದೆ ಹಿಡಿದೆ. "ಇರ್ಲಿ ಬಿಡು, ಬೇಕಾಗತೈತಿ" ಎಂದು, ನನ್ನ ಮುಖವನ್ನೊಮ್ಮೆ ನೋಡಿ, ಬಿದಿರಿನ ಕಡೆ ತಿರುಗಿದರು.

ಚಿಗವ್ವ ಆಡಿದಂತೆಯೇ ಮುಂದೆ ಹೋದಳು. ಆದರೆ ಹೇಳಿ ಹೋಗಲಿಲ್ಲ. ಬೆಳ್ಳಟ್ಟಿಯಲ್ಲಿ ಯಾರದೋ ವಿಮಾನ ಕಟ್ಟುತ್ತಿದ್ದಾಗ ಕಾಕಾನಿಗೆ ಫೋನ್ ಬಂತು, ಚಿಗವ್ವ ಅಂಗಡಿಯಲ್ಲೇ ಕುಸಿದಳೆಂದು. ಜೀವನದಲ್ಲಿ ಮೊದಲ ಸಲ ಅವರು ಅರ್ಧ ಹಾಕಿದ ಗಂಟನ್ನು ಹಾಗೇ ಬಿಟ್ಟು ಬಂದರು. ಬರುವಷ್ಟರಲ್ಲಿ ಮುಗಿದಿತ್ತು.

ನಾನು ಗದಗಿನಿಂದ ಶಿರಹಟ್ಟಿ ಮುಟ್ಟಿದಾಗ ಮಂದಿ ಕಿಕ್ಕಿರಿದಿದ್ದರು. ಅಷ್ಟು ಮನೆಗಳಿಗೆ ಕಟ್ಟಿಕೊಟ್ಟವರ ಮನೆ, ಬರದೇ ಇರುತ್ತಾರೆಯೇ? ಎಲ್ಲರೂ ಒಳ್ಳೆಯವರೇ. ಎಲ್ಲರ ಬಾಯಲ್ಲೂ ಒಂದೇ ಮಾತು: "ನೀವು ಕುಂಡ್ರಿ ಕಾಕಾರ. ಇವತ್ತ ನೀವು ಏನೂ ಮಾಡಬ್ಯಾಡ್ರಿ. ನಾವ ಎಲ್ಲಾ ನೋಡ್ಕೋತೇವಿ." ಹೀಗೆ ಒಬ್ಬೊಬ್ಬರೂ ಪ್ರೀತಿಯಿಂದ ಅವರ ಕೈಯಿಂದ ಕೆಲಸ ಕಿತ್ತುಕೊಂಡಿದ್ದರು. ಚಿಗವ್ವನಿಗೆ ಸ್ನಾನ ಮಾಡಿಸಿ ಸೀರೆ ಉಡಿಸುತ್ತಿದ್ದರು. ಅಂಗಳದಲ್ಲಿ ನಾಕು ಮಂದಿ ವಿಮಾನ ಕಟ್ಟುತ್ತಿದ್ದರು. ಅದು ಆಕೆ ಹೇಳಿದ ಹಾಗೆಯೇ ಸೊಟ್ಟ ಆಗುತ್ತಿತ್ತು. ಕಾಕಾ ಗೋಡೆಗೆ ಆನಿಕೊಂಡು, ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದರು. ಕಣ್ಣಲ್ಲಿ ಒಂದು ಹನಿ ಇಲ್ಲ. ಕರೆದರೆ ಓ ಎನ್ನುವುದಿಲ್ಲ. ನೀರು ಕೊಟ್ಟರೆ ಹಿಡಿಯುವುದಿಲ್ಲ. ಮುಂಜಾನೆಯಿಂದ ಹೀಗೇ ಎಂದು ಅವ್ವ ಹೇಳಿದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಈ ಮನುಷ್ಯ ಚಿಗವ್ವನ ಹಿಂದೆಯೇ ಹೊರಟುಬಿಡುತ್ತಾರೇನೋ ಅನ್ನಿಸಿತು.

ಅವರ ಮುಂದೆ ಹೋಗಿ ನಿಂತೆ. ಅವರದೇ ಧಾಟಿಯಲ್ಲಿ ದನಿ ಎತ್ತರಿಸಿದೆ.

"ಕಾಕಾ, ಏನ ಸುಮ್ನ ಕುಂತಿ? ಸುತಳಿ ತೀರೇತಿ. ಹೋಗಿ ತಗೊಂಡ ಬಾ."

ಸುತ್ತಲಿನವರೆಲ್ಲ ಹೌಹಾರಿದರು. "ಏ, ಏನ ಮಾತಾಡತಿ, ತಿಳಿಯೂದಿಲ್ಲೇನ್ ನಿನಗ?" ಎಂದು ಅವ್ವ ನನ್ನ ತೋಳು ಹಿಡಿದು ಜಗ್ಗಿದಳು. ಕಾಕಾ ನಿಧಾನವಾಗಿ ತಲೆ ಎತ್ತಿದರು. ಯಾರೋ ಗೋಡೆಯ ಮೊಳೆಗೆ ತೂಗುಹಾಕಿದ್ದ ಖಾಕಿ ಚೀಲದ ಕಡೆ ನೋಡಿದರು. ಅದರ ಬಾಯಿಂದ ಸುತಳಿ ಉಂಡೆ ಇಣುಕುತ್ತಿತ್ತು. ಆಮೇಲೆ ನನ್ನನ್ನು ನೋಡಿದರು.

"ದಪ್ಪಂದೊ, ಸಣ್ಣದೊ?"

"ಎರಡೂ ತಗೊಂಡ ಬಾ."

ಎದ್ದರು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದರು. ಬೀದಿಯ ತುದಿಯ ಕಿರಾಣಿ ಅಂಗಡಿ ಕಾಕಾನ ಮನೆಯ ಹೊಸ್ತಿಲಿಗೆ ಕಾಣುತ್ತದೆ. ಅಂಗಡಿಯವನು ಏನೋ ಕೇಳಿದ, ಕಾಕಾ ಏನೋ ಹೇಳಿದರು. ಹೇಳಿದವರು ಹಾಗೆಯೇ ಮೆಟ್ಟಿಲ ಮೇಲೆ ಕೂತು, ಟವೆಲಿನಿಂದ ಮುಖ ಮುಚ್ಚಿಕೊಂಡರು. ಭುಜ ಕುಲುಕುವುದು ಇಲ್ಲಿಂದಲೇ ಕಾಣುತ್ತಿತ್ತು. ಇಬ್ಬರು ಮೂವರು ಅತ್ತ ಓಡಲು ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತು ಯಾರನ್ನೂ ಬಿಡಲಿಲ್ಲ. ನಾನೂ ಅಳುತ್ತಿದ್ದೆ.

ಮರಳಿ ಬಂದಾಗ ಅವರ ಕಣ್ಣು ಕೆಂಪಗಿದ್ದವು, ಕೈಯಲ್ಲಿ ಎರಡು ಉಂಡೆ ಸುತಳಿ ಇತ್ತು. ಅಂಗಳದಲ್ಲಿ ನಿಂತು ವಿಮಾನದ ಕಡೆ ಒಮ್ಮೆ ನೋಡಿದರು.

"ಯಾರಲೇ ಇದನ್ನ ಕಟ್ಟಿದಾಂವ? ಬಿಚ್ಚು! ಪೂರಾ ಬಿಚ್ಚು. ಮುಂದ ಅಷ್ಟ ಇಕ್ಕಟ್ಟ ಮಾಡೀರಲ್ಲ, ಆಕಿ ಎಡಗಾಲ ಮಡಚೂದಿಲ್ಲ, ಗೊತ್ತಿಲ್ಲೇನ್ ನಿಮಗ?"

"ಕಾಕಾರ, ಎಲ್ಲಾರನೂ ಕಾಲ ಮಡಚೇ ಕುಂಡ್ರಸತಾರಲ್ರೀ..." ಎಂದ ಒಬ್ಬ.

"ಎಲ್ಲಾರ ಸುದ್ದಿ ಬ್ಯಾಡ. ಆಕಿಗೆ ನೋಯ್ತೈತಿ. ಅಗಲ ಮಾಡ್ರಿ."

ತಾವೇ ಕೂತು ಕಟ್ಟಿದರು. ಮುಂದಿನ ಹೆಗಲಿಗೆ ಎತ್ತರದವರನ್ನು, ಹಿಂದಕ್ಕೆ ಗಿಡ್ಡ ಮಂದಿಯನ್ನು ನಿಲ್ಲಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಚಿಗವ್ವ ಶಿರಹಟ್ಟಿಯ ಬಜಾರದಲ್ಲಿ ಎಲ್ಲರ ತಲೆಗಿಂತ ಎತ್ತರದಲ್ಲಿ ಹೋದಳು, ಅಂಗಡಿಯಲ್ಲಿ ಕೂತ ಹಾಗೆಯೇ, ಎಡಗಾಲನ್ನು ಮುಂದಕ್ಕೆ ಚಾಚಿಕೊಂಡು. ಕಾಕಾ ಪಕ್ಕದಲ್ಲೇ ನಡೆಯುತ್ತಿದ್ದರು. ದಾರಿಯುದ್ದಕ್ಕೂ ಒಂದು ಕೈ ಮೇಲೆತ್ತಿ ಆ ಕಾಲಿಗೆ ಆಸರೆ ಕೊಟ್ಟಿದ್ದರು.