ಗೌಡ್ರ ಗರಗಸ, ಗಡ್ಡದವನ ತಟ್ಟೆ

ಯಾರೋ ದೊಡ್ಡವರು ಬಳಸುತ್ತಾರೆ ಎಂಬ ಒಂದೇ ಕಾರಣಕ್ಕೆ ಒಂದು ವಸ್ತುವನ್ನು ಕೊಳ್ಳುವುದು ದಡ್ಡತನವೋ ಜಾಣತನವೋ ಎಂದು ಕೇಳಿದರೆ ನನ್ನ ಹತ್ತಿರ ಎರಡು ಉತ್ತರಗಳಿವೆ. ಹಗಲು ಅಂಗಡಿಯ ಗಲ್ಲಾದ ಹಿಂದೆ ಕೂತಾಗ ಕೊಡುವ ಉತ್ತರ ಒಂದು, ಸಂಜೆ ಡ್ರಮ್ಸ್ ಹಿಂದೆ ಕೂತಾಗ ಕೊಡುವುದು ಇನ್ನೊಂದು. ಎರಡೂ ಒಂದೇ ಬಾಯಿಂದ ಬರುವುದರಿಂದ ಈಚೆಗೆ ನನಗೆ ನನ್ನ ಬಾಯಿಯ ಮೇಲೆ ಅಷ್ಟಾಗಿ ನಂಬಿಕೆ ಉಳಿದಿಲ್ಲ.

ಮೂಡಿಗೆರೆಯಲ್ಲಿ ನಮ್ಮದೊಂದು ಅಂಗಡಿಯಿದೆ. ಕಾಫಿ ಗಿಡ ಸವರುವ ಗರಗಸ, ಕಳೆ ಕತ್ತಿ, ಔಷಧಿ ಹೊಡೆಯುವ ಸ್ಪ್ರೇಯರು, ಕಾಫಿ ಒಣಗಿಸುವ ಟಾರ್ಪಾಲು, ಒಟ್ಟಿನಲ್ಲಿ ತೋಟಕ್ಕೆ ಬೇಕಾದದ್ದೆಲ್ಲ ಸಿಗುತ್ತದೆ. ನಮ್ಮಪ್ಪ ಕೂತ ಕುರ್ಚಿಯಲ್ಲೇ ನಾನು ಕೂತಿದ್ದೇನೆ, ಅಪ್ಪ ಕೇಳಿಸಿಕೊಂಡ ಪ್ರಶ್ನೆಯನ್ನೇ ನಾನೂ ಕೇಳಿಸಿಕೊಳ್ಳುತ್ತಿದ್ದೇನೆ. ಬಂದ ಗಿರಾಕಿ ಗರಗಸವನ್ನು ಕೈಯಲ್ಲಿ ಹಿಡಿದು, ಹಲ್ಲಿನ ಮೇಲೆ ಬೆರಳಾಡಿಸಿ, ಬೆಳಕಿಗೆ ಹಿಡಿದು, ತೂಕ ನೋಡಿ, ಎಲ್ಲ ಪರೀಕ್ಷೆ ಮುಗಿದ ಮೇಲೆ ಮೆಲ್ಲಗೆ ಕೇಳುತ್ತಾನೆ: "ಅದಿರಲಿ ಮಾರಾಯ್ರೆ, ಗೌಡ್ರು ಯಾವುದು ತಗೊಂಡು ಹೋದ್ರು?"

ಗೌಡ್ರು ಅಂದರೆ ನಮ್ಮ ಕಡೆಯ ದೊಡ್ಡ ಎಸ್ಟೇಟಿನ ಯಜಮಾನರು. ಅವರು ಜೀವಮಾನದಲ್ಲಿ ಗರಗಸ ಹಿಡಿದವರಲ್ಲ. ಹಿಡಿಯುವುದು ಅವರ ಮೇಸ್ತ್ರಿ ಮತ್ತು ಆಳುಗಳು. ಆದರೂ ಗೌಡ್ರ ಜೀಪಿನ ಹಿಂದೆ ಕಾಣಿಸಿದ ಗರಗಸ ವಾರದೊಳಗೆ ಸುತ್ತಮುತ್ತಲ ಸಣ್ಣ ತೋಟಗಳಲ್ಲೆಲ್ಲ ಕಾಣಿಸುತ್ತದೆ. ಹಾಗಾಗಿ ಹೊಸ ಕಂಪನಿಯ ಮಾಲು ಬಂದಾಗ ನಾನು ಮೊದಲನೆಯದನ್ನು ಗೌಡ್ರಿಗೆ ಪುಕ್ಕಟೆ ಕೊಟ್ಟುಬಿಡುತ್ತೇನೆ. "ಸುಮ್ನೆ ಬಳಸಿ ನೋಡಿ, ನಿಮ್ಮ ಅಭಿಪ್ರಾಯ ಬೇಕಿತ್ತು" ಎನ್ನುತ್ತೇನೆ. ಅಭಿಪ್ರಾಯ ಯಾರಿಗೆ ಬೇಕು? ಅದು ಜೀಪಿನ ಹಿಂದೆ ಕಂಡರೆ ಸಾಕು. ಉಳಿದದ್ದನ್ನು ಊರು ನೋಡಿಕೊಳ್ಳುತ್ತದೆ.

ಇದರಲ್ಲಿ ಗಿರಾಕಿಗಳನ್ನು ದಡ್ಡರು ಎನ್ನುವ ಹಾಗಿಲ್ಲ. ಕಾಫಿಯವರ ಕಷ್ಟವೇ ಹಾಗೆ. ಇವತ್ತು ತಪ್ಪು ಕೊಂಬೆ ಕತ್ತರಿಸಿದರೆ ಗೊತ್ತಾಗುವುದು ಬರುವ ಫಸಲಿನಲ್ಲಿ, ತಪ್ಪು ಗಿಡ ನೆಟ್ಟರೆ ಇನ್ನೂ ಎಷ್ಟೋ ವರ್ಷಕ್ಕೆ. ತಾನೇ ಪರೀಕ್ಷೆ ಮಾಡಿ ಕಲಿಯುವಷ್ಟು ಆಯಸ್ಸು ಯಾರಿಗಿದೆ? ಅದಕ್ಕೇ ಬೇಲಿಯಾಚೆ ಇಣುಕಿ, ನಷ್ಟವಾದರೂ ತಡೆದುಕೊಳ್ಳಬಲ್ಲವನು ಏನು ಮಾಡುತ್ತಿದ್ದಾನೆ ಎಂದು ನೋಡಿಕೊಳ್ಳುತ್ತಾರೆ. ಇದನ್ನೆಲ್ಲ ನಾನು ಯೋಚಿಸಿ ಅರ್ಥ ಮಾಡಿಕೊಂಡಿದ್ದೆ. ಆದರೂ ಗಿರಾಕಿ ಮೆಟ್ಟಿಲಿಳಿದ ಮೇಲೆ ಒಳಗೊಳಗೇ ನಗುತ್ತಿದ್ದೆ ಎಂಬುದೂ ನಿಜ.

ಇನ್ನು ಡ್ರಮ್ಸ್ ವಿಷಯ. ಮದುವೆ ಆರತಕ್ಷತೆಗಳಲ್ಲಿ ಹಾಡುವ ಸಣ್ಣದೊಂದು ವಾದ್ಯಗೋಷ್ಠಿ ನಮ್ಮದು. ಕೀಬೋರ್ಡಿಗೊಬ್ಬರು, ಗಿಟಾರಿಗೊಬ್ಬರು, ಡ್ರಮ್ಸಿಗೆ ನಾನು. ಈ ಮೂವರನ್ನೂ ಜನ ಸಹಿಸಿಕೊಳ್ಳುವುದು ವಿಮಲಾ ಟೀಚರ್ ದೆಸೆಯಿಂದ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ಅವರು ಹಳೆಯ ಹಾಡು ಎತ್ತಿಕೊಂಡರೆ ಊಟಕ್ಕೆ ಎದ್ದವರು ಮತ್ತೆ ಕೂರುತ್ತಾರೆ. ನನಗಂತೂ ಆ ಗೋಷ್ಠಿ ಉಸಿರು. ಇಡೀ ದಿನ ನಟ್ಟು ಬೋಲ್ಟು ಎಣಿಸುವವನಿಗೆ ಸಂಜೆ ಎರಡು ಕೋಲು ಕೈಗೆ ಬಂದಾಗ ಆಗುವ ಸಂತೋಷವನ್ನು ಹೇಳಿ ತಿಳಿಸುವುದು ಕಷ್ಟ. ನಾನು ಒಳ್ಳೆಯ ಡ್ರಮ್ಮರ್ ಎಂದು ಯಾರೂ ಹೇಳಿಲ್ಲ. ಹೇಳದಿದ್ದರೂ ನನಗೆ ಅನುಮಾನವಿರಲಿಲ್ಲ.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಬ್ಬ ವಿದೇಶಿ ಡ್ರಮ್ಮರನ ವಿಡಿಯೊ ನೋಡಿದೆ. ಎದೆಯವರೆಗೆ ಗಡ್ಡ, ತೋಳಿನ ತುಂಬ ಹಚ್ಚೆ. ಅವನು ಬಾರಿಸುತ್ತಿದ್ದರೆ ಮೈ ಜುಂ ಅನ್ನುತ್ತಿತ್ತು. ಬಾರಿಸಿ ಮುಗಿಸಿದವನು ಪಕ್ಕದಲ್ಲಿದ್ದ ಸಿಂಬಲ್ಲನ್ನು, ಅಂದರೆ ಡ್ರಮ್ಸಿನ ಬದಿಯಲ್ಲಿ ಕಂಬದ ಮೇಲೆ ಕೊಡೆ ಹಿಡಿದ ಹಾಗೆ ನಿಲ್ಲಿಸಿರುವ ಕಂಚಿನ ತಟ್ಟೆಯನ್ನು, ಪ್ರೀತಿಯಿಂದ ತಟ್ಟಿ, ತಾನು ಬಳಸುವುದು ಇದೊಂದನ್ನೇ, ಇದಿಲ್ಲದೆ ತಾನು ತಾನೇ ಅಲ್ಲ ಎಂದ. ಆ ತಟ್ಟೆಯ ಮೇಲೆ ಅವನ ಸಹಿಯನ್ನೂ ಅಚ್ಚು ಹಾಕಿದ್ದರು. ಸಂಜೆಯೊಳಗೆ ಆರ್ಡರ್ ಮಾಡಿದೆ.

"ಅವನಿಗೆ ಕಂಪನಿಯವ್ರು ಪುಕ್ಕಟೆ ಕೊಟ್ಟಿರ್ತಾರೆ ಕಣ್ರೀ" ಎಂದಳು ನನ್ನ ಹೆಂಡತಿ ಗಿರಿಜಾ. "ನೀವು ಗೌಡ್ರಿಗೆ ಕೊಡಲ್ವಾ, ಹಾಗೆ."

"ಅದು ಬೇರೆ, ಇದು ಬೇರೆ" ಎಂದೆ. ವ್ಯಾಪಾರದ ಗುಟ್ಟೆಲ್ಲ ಗೊತ್ತಿದ್ದವನೇ ವ್ಯಾಪಾರಕ್ಕೆ ಬೀಳುವಾಗ ಕಣ್ಣು ತೆರೆದುಕೊಂಡೇ ಬೀಳುತ್ತಾನೆ. ಇದರ ಬಗ್ಗೆ ನಾನು ಆಮೇಲೆ ತುಂಬ ಯೋಚಿಸಿದ್ದೇನೆ. ನಮಗೆ ಬೇಕಾಗಿದ್ದದ್ದು ತಟ್ಟೆಯಲ್ಲ, ಆ ಗಡ್ಡದವನ ಮಣಿಕಟ್ಟು. ಅದನ್ನು ಯಾರೂ ಮಾರುವುದಿಲ್ಲವಾದ್ದರಿಂದ, ಅದರ ಹತ್ತಿರ ಏನಿತ್ತೋ ಅದನ್ನು ತರಿಸಿಕೊಳ್ಳುತ್ತೇವೆ.

ತಟ್ಟೆ ಬಂತು. ಅದರ ಬೆನ್ನಿಗೇ ಆಯುಧಪೂಜೆಯೂ ಬಂತು. ಆ ದಿನ ಅಂಗಡಿಯ ಕತ್ತಿ, ಗರಗಸ, ತಕ್ಕಡಿ, ಸ್ಕೂಟರು ಎಲ್ಲಕ್ಕೂ ಸ್ನಾನವಾಗಿ ವಿಭೂತಿ, ಕುಂಕುಮ, ಹೂವು ಏರುವುದು ನಮ್ಮಲ್ಲಿ ವಾಡಿಕೆ. ನನ್ನ ಡ್ರಮ್ಸೂ ಸಾಲಿನಲ್ಲಿತ್ತು. ನಾನು ಮಾವಿನ ಸೊಪ್ಪು ತರಲು ಹೋಗಿದ್ದಾಗ ಗಿರಿಜಾ ದೇವರ ಪಾತ್ರೆಗಳ ಜೊತೆ ಸಿಂಬಲ್ಲನ್ನೂ ಹುಣಸೆಹಣ್ಣು, ಉಪ್ಪು ಹಾಕಿ ಗಸಗಸ ತಿಕ್ಕಿಬಿಟ್ಟಿದ್ದಳು. ಬಂದು ನೋಡುತ್ತೇನೆ: ತಟ್ಟೆ ಹಿತ್ತಾಳೆ ದೀಪದ ಕಂಬದಂತೆ ಹಳದಿಯಾಗಿ ಥಳಥಳಿಸುತ್ತಿದೆ, ಗಡ್ಡದವನ ಸಹಿ ನೀರಿನ ಜೊತೆ ಹರಿದು ಮೋರಿ ಸೇರಿದೆ.

"ಅಯ್ಯೋ, ಸಹಿ ಎಲ್ಲೇ?"

"ಕೊಳೆ ಅಂದ್ಕೊಂಡೆ" ಎಂದಳು. "ಹೋಗ್ಲಿ ಬಿಡಿ, ಸದ್ದೇನೂ ಕಮ್ಮಿ ಆಗಿಲ್ವಲ್ಲ."

ಸದ್ದೇನೂ ಕಮ್ಮಿಯಾಗಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ. ದೀಪಾವಳಿ ಕಳೆದು ಮದುವೆಗಳು ಶುರುವಾದಾಗ ಮೊದಲ ಕಾರ್ಯಕ್ರಮ ಕಳಸದ ಹತ್ತಿರದ ಸಂಸೆಯಲ್ಲಿತ್ತು. ಸೂರಿಗೆ ತಗಡಿನ ಶೀಟು ಹೊದಿಸಿದ ಸಭಾಂಗಣ. ವಿಮಲಾ ಟೀಚರ್ ಮೆಲುದನಿಯಲ್ಲಿ ಒಂದು ಹಳೆಯ ಹಾಡು ಎತ್ತಿದರು. ನಾನು ಗಡ್ಡದವನನ್ನು ಮನಸ್ಸಿನಲ್ಲಿ ನೆನೆದು ತಟ್ಟೆಗೆ ಒಂದು ಬಾರಿಸಿದೆ. ಝಯ್ಯ್ ಎಂದು ಹೊರಟ ನಾದ ಶೀಟಿಗೆ ಬಡಿದು, ಕೆಳಗಿಳಿದು, ಮತ್ತೆ ಮೇಲೇರಿ, ಹಾಡಿನ ಒಂದಿಡೀ ಸಾಲನ್ನು ನುಂಗಿಹಾಕಿತು. ನನಗೆ ಹಿಗ್ಗೋ ಹಿಗ್ಗು. ಮತ್ತೆ ಬಾರಿಸಿದೆ. ಮದುಮಗನ ಅಜ್ಜಿ ಎರಡೂ ಕಿವಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದು ಕಂಡಿತು; ಚಳಿಗೆ ಇರಬೇಕು ಅಂದುಕೊಂಡೆ.

ಕಾರ್ಯಕ್ರಮ ಮುಗಿದ ಮೇಲೆ ಟೀಚರ್ ಸೀದಾ ನನ್ನ ಮುಂದೆ ಬಂದು ನಿಂತರು. ಅವರು ಜೋರು ಮಾತಾಡುವವರಲ್ಲ, ಅದಕ್ಕೇ ಭಯವಾಯಿತು. "ನಾನು ಹಾಡಿದ್ದು ಜನಕ್ಕೆ ಕೇಳ್ಬೇಕಾ ಬೇಡ್ವಾ, ಅದೊಂದು ಹೇಳಿಬಿಡಿ. ಆ ಹಳದಿ ತಟ್ಟೆ ಇರೋ ಕಡೆ ನಾನು ಹಾಡೋದಿಲ್ಲ. ಮುಂದಿನ ತಿಂಗಳು ಕಳಸದಲ್ಲಿ ನಮ್ಮಕ್ಕನ ಮಗನ ಮದುವೆ. ಅವತ್ತು ನೀವು ಮುಂದೆ ಕೂತು ಆರಾಮಾಗಿ ಊಟ ಮಾಡಿ. ಡ್ರಮ್ಸಿಗೆ ಸುಧಾಕರನಿಗೆ ಹೇಳ್ತೀನಿ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಗೋಷ್ಠಿ ಶುರುವಾದಾಗಿನಿಂದ ಆ ಸ್ಟೂಲಿನ ಮೇಲೆ ಇನ್ನೊಬ್ಬರು ಕೂತದ್ದಿಲ್ಲ. ಸುಧಾಕರ ಕಳಸದವನು, ಬೇರೆ ತಂಡದವನು, ಡ್ರಮ್ಸ್ ಬಾರಿಸಿಯೇ ಜೀವನ ಮಾಡುವವನು, ಮತ್ತು ಅದನ್ನು ಎಲ್ಲರಿಗೂ ನೆನಪು ಮಾಡಿಕೊಡುತ್ತ ಓಡಾಡುವವನು. ಒಮ್ಮೆ ಕೂತವನು ಎದ್ದಾನೆಯೇ?

ತಮಾಷೆ ಏನೆಂದರೆ, ಅದಾಗಿ ಎರಡು ದಿನಕ್ಕೆ ಆ ಸುಧಾಕರನದೇ ಫೋನು. "ಅಣ್ಣಾ, ಸಂಸೆ ಮದುವೆ ವಿಡಿಯೊ ನೋಡಿದೆ. ಎಂತ ಸೌಂಡು ಮಾರಾಯ್ರೆ ಅದು! ಯಾವ ಕಂಪನಿ? ನಾನೂ ಅದನ್ನೇ ತರಿಸ್ಬೇಕು ಅಂತ." ನನ್ನ ಜೀವಮಾನದಲ್ಲಿ ಯಾರಾದರೂ ನನ್ನನ್ನು ನೋಡಿ ಏನನ್ನಾದರೂ ಕೊಳ್ಳಲು ಹೊರಟದ್ದು ಅದೇ ಮೊದಲು. ಎದೆ ಉಬ್ಬಿತು. ಆದರೂ, ಅದರಿಂದಲೇ ನನ್ನ ಸ್ಟೂಲು ಹೋಗಿರುವಾಗ, ದುಡಿದು ತಿನ್ನುವ ಮನುಷ್ಯನನ್ನು ಹಳ್ಳಕ್ಕೆ ತಳ್ಳಲು ಮನಸ್ಸು ಬರಲಿಲ್ಲ. ಕಂಪನಿಯ ಹೆಸರು ಹೇಳಿ, "ತಗೋಬೇಡ ಮಾರಾಯ, ನಮ್ಮ ಕಡೆಯ ಹಾಲ್‌ಗಳಿಗೆ ಅದಾಗೋದಿಲ್ಲ. ಹಾಡೋರನ್ನ ತಿಂದುಬಿಡುತ್ತೆ" ಎಂದೆ. ಇಷ್ಟು ಪ್ರಾಮಾಣಿಕವಾಗಿ ನಾನು ಅಂಗಡಿಯಲ್ಲಿ ಯಾವ ಗಿರಾಕಿಗೂ ಮಾತಾಡಿದವನಲ್ಲ.

"ಗೊತ್ತಾಯ್ತು ಬಿಡಿ ಅಣ್ಣಾ" ಎಂದ. "ನಿಮ್ಮ ಹತ್ರ ಮಾತ್ರ ಇರ್ಲಿ ಅಂತ ಅಲ್ದಾ?" ಫೋನಿಟ್ಟ. ಮಾರನೆಯ ದಿನವೇ ಆರ್ಡರ್ ಹಾಕಿದನಂತೆ. ತಗೋ ಎಂದಿದ್ದರೆ ಯೋಚಿಸುತ್ತಿದ್ದನೋ ಏನೋ, ಬೇಡ ಎಂದದ್ದೇ ದೊಡ್ಡ ಶಿಫಾರಸಾಯಿತು.

ಕಳಸದ ಮದುವೆಗೆ ನಾನು ಹೋದೆ. ಹೋಗದಿದ್ದರೆ ಮುನಿಸು ಅನ್ನುತ್ತಾರೆ, ಹೋದರೆ ಹೊಟ್ಟೆಯುರಿ. ಹೊಟ್ಟೆಯುರಿಯೇ ವಾಸಿ ಅನ್ನಿಸಿತು, ಊಟವಾದರೂ ಇರುತ್ತದೆ. ಮೊದಲ ಸಾಲಿನಲ್ಲಿ ಗಿರಿಜಾ ಪಕ್ಕ ಕೂತು ನೋಡುತ್ತೇನೆ, ಸುಧಾಕರ ಚೀಲದಿಂದ ಅದೇ ತಟ್ಟೆಯನ್ನು ತೆಗೆದ. ಅದೇ ಕಂಪನಿ, ಅದೇ ಅಳತೆ. ಅವನದಕ್ಕೆ ಹುಣಸೆಹಣ್ಣು ಸೋಕಿರಲಿಲ್ಲವಾದ್ದರಿಂದ ಬಣ್ಣ ಮಂಕು, ಮೇಲೆ ಗಡ್ಡದವನ ಸಹಿ ಕಪ್ಪಗೆ ಕಾಣುತ್ತಿತ್ತು. ನನಗೆ ಕೆಟ್ಟ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಇಲ್ಲಿಯೂ ಶೀಟಿನ ಸೂರೇ. ಈಗ ಟೀಚರ್‌ಗೆ ಗೊತ್ತಾಗುತ್ತದೆ ಎಂದು ಕೈಕಟ್ಟಿ ಕೂತೆ.

ಹಾಡು ಶುರುವಾಯಿತು. ಸುಧಾಕರ ತಟ್ಟೆಯನ್ನು ಮುಟ್ಟಿದ. ಹೌದು, ಮುಟ್ಟಿದ, ಹೊಡೆಯಲಿಲ್ಲ. ಮಗುವಿನ ಬೆನ್ನು ತಟ್ಟಿ ಮಲಗಿಸಿದ ಹಾಗೆ ಕೋಲಿನ ತುದಿಯನ್ನು ಅದರ ಮೇಲೆ ಆಡಿಸುತ್ತಿದ್ದ. ಟೀಚರ್ ಉಸಿರೆಳೆದುಕೊಳ್ಳುವ ಜಾಗದಲ್ಲಿ ಮಾತ್ರ ನಾದ ಸಣ್ಣಗೆ ಎದ್ದು, ಅವರು ಬಾಯಿ ತೆರೆಯುವ ಹೊತ್ತಿಗೆ ಅವನ ಎಡಗೈ ತಟ್ಟೆಯ ಅಂಚು ಹಿಡಿದು ಸುಮ್ಮನಾಗಿಸುತ್ತಿತ್ತು. ಅವರ ದನಿ ಎಷ್ಟು ಚೆನ್ನಾಗಿದೆ ಎಂದು ನನಗೆ ತಿಳಿದದ್ದು ಅವತ್ತು. ಇಷ್ಟು ವರ್ಷ ಅವರ ಬೆನ್ನ ಹಿಂದೆ ಕೂತು ನಾನು ಕೇಳಿಸಿಕೊಂಡದ್ದು ನನ್ನನ್ನೇ.

ಹಾಡು ಮುಗಿಸಿ ಕೆಳಗಿಳಿದ ಟೀಚರ್ ಮುಖ ಅರಳಿತ್ತು. ಅಕ್ಕನ ಮಗನ ಮದುವೆ, ಹಾಡು ಎಲ್ಲರಿಗೂ ಕೇಳಿತ್ತು. ನನ್ನ ಹತ್ತಿರ ಬಂದು ಹೇಳಿದರು: "ನೋಡಿದ್ರಾ? ತಟ್ಟೆ ಅಂದ್ರೆ ಹಾಗಿರ್ಬೇಕು. ನಿಮ್ಮ ಹಳದಿ ತಟ್ಟೆನ ಪಾತ್ರೆ ಅಂಗಡಿಗೆ ಹಾಕಿ, ಸುಧಾಕರಂದು ಯಾವ್ದು ಅಂತ ಕೇಳಿ ಅಂಥದ್ದೇ ಒಂದು ತನ್ನಿ. ನಿಮ್ಮನ್ನ ಬಿಟ್ಟು ಬೇರೆಯವ್ರ ಜೊತೆ ಹಾಡೋಕೆ ನಂಗೇನು ಆಸೆಯಾ?"

ಎರಡೂ ಒಂದೇ ತಟ್ಟೆ ಎಂದು ಹೇಳಬಹುದಿತ್ತು. ಹೇಳಿದರೆ ತಪ್ಪು ತಟ್ಟೆಯಿಂದ ಇಳಿದು ಸೀದಾ ನನ್ನ ಕೈಗೆ ಬಂದು ಕೂರುತ್ತದೆ, ತಟ್ಟೆಯನ್ನಾದರೆ ಬದಲಾಯಿಸಬಹುದು. "ಆಯ್ತು ಟೀಚರ್, ತರ್ತೀನಿ" ಎಂದೆ.

ಆಮೇಲೆ ಸುಧಾಕರ ಸಾಮಾನು ಕಟ್ಟುವಲ್ಲಿಗೆ ಹೋದೆ. ಅಷ್ಟು ಮೆತ್ತಗೆ ಬಾರಿಸುವುದು ಹೇಗೆ ಎಂದು ಕೇಳಬೇಕೆಂದೇ ಹೋದದ್ದು. ವಯಸ್ಸಿನಲ್ಲಿ ಕಿರಿಯನ ಮುಂದೆ ಅದು ಬಾಯಿಗೆ ಬರಲಿಲ್ಲ. ಬಂದದ್ದು ಇದು: "ಸುಧಾಕರ, ಆ ಕೋಲು ಯಾವುದಾ?"

ಅವನು ನಕ್ಕು ಒಂದನ್ನು ನನ್ನ ಕೈಗಿಟ್ಟ. ಬಾರಿಸಿ ಬಾರಿಸಿ ಅದರ ಮೇಲಿನ ಹೆಸರು ಬಹುಪಾಲು ಅಳಿಸಿಹೋಗಿತ್ತು. ಆದರೂ ಮೊದಲೆರಡು ಅಕ್ಷರ ಉಳಿದಿದ್ದವು. ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡೆ.

ಮನೆಗೆ ಬಂದ ಮೇಲೆ ಬುದ್ಧಿ ಸ್ವಲ್ಪ ನೆಟ್ಟಗಾಯಿತು. ಅಂಗಡಿ ಬಾಗಿಲು ಹಾಕಿದ ಮೇಲೆ ದಿನಾ ಮನೆಯ ಒಳಕೋಣೆಯಲ್ಲಿ ಕೂತು, ನನ್ನ ಹಳೆಯ ಕೋಲಿನಲ್ಲೇ, ಗಿರಿಜಾ ಅಡುಗೆಮನೆಯಲ್ಲಿ ಮಾತಾಡಿದ್ದು ಕೇಳಿಸುವಷ್ಟು ಮೆತ್ತಗೆ ಬಾರಿಸುವುದನ್ನು ರೂಢಿ ಮಾಡಿದೆ. ಅವಳು ಬೇಕೆಂದೇ ಮೆಲ್ಲಗೆ ಏನಾದರೂ ಹೇಳುತ್ತಿದ್ದಳು, ಕೇಳಿಸದಿದ್ದರೆ ಆ ಹೊತ್ತಿನ ಕಾಫಿ ಇಲ್ಲ. ಕೆಲವು ಸಂಜೆ ಕಾಫಿ ಸಿಗಲಿಲ್ಲ. ಬರಬರುತ್ತ ಸಿಗತೊಡಗಿತು. ತಟ್ಟೆಯ ಹಳದಿಯೂ ಅಷ್ಟರಲ್ಲಿ ಮಂಕಾಗಿತ್ತು.

ಮೊನ್ನೆ ಚಿಕ್ಕಮಗಳೂರಿನ ಒಂದು ಆರತಕ್ಷತೆಯಲ್ಲಿ ಮತ್ತೆ ನನ್ನ ಸ್ಟೂಲಿನ ಮೇಲೆ ಕೂತೆ. ಅದೇ ತಟ್ಟೆ. ಮೊದಲ ಹಾಡು ಮುಗಿಯುತ್ತಲೇ ಟೀಚರ್ ಹಿಂದೆ ತಿರುಗಿ ನೋಡಿ ನಕ್ಕರು. ಆಮೇಲೆ ಊಟದ ಸಾಲಿನಲ್ಲಿ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದರು, "ನಾನು ಹೇಳ್ಲಿಲ್ವಾ? ತಟ್ಟೆ ಬದಲಾಯಿಸಿದ್ದಕ್ಕೆ ಎಷ್ಟು ವ್ಯತ್ಯಾಸ ನೋಡಿ!" ಜೀವನದಲ್ಲಿ ಮೊದಲ ಬಾರಿಗೆ ನನ್ನ ಕೈ ಸುಧಾರಿಸಿತ್ತು, ಹೊಗಳಿಕೆ ತಟ್ಟೆಗೆ ಹೋಯಿತು. ಹೌದು ಹೌದು ಎಂದು ತಲೆಯಾಡಿಸಿ ಹೋಳಿಗೆ ಹಾಕಿಸಿಕೊಂಡೆ. ಸ್ಟೂಲು ಉಳಿದಿತ್ತು, ಅಷ್ಟು ಸಾಕು.

ಕೈಯೇ ಮುಖ್ಯ, ಸಾಮಾನಲ್ಲ ಎಂಬುದು ಇನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದುಕೊಳ್ಳುತ್ತ ಸಮಾಧಾನದಿಂದ ಮನೆಗೆ ಬಂದೆ. ಗಿರಿಜಾ ಉದ್ದನೆಯ ಪಾರ್ಸೆಲ್ಲೊಂದನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಎಂತದ್ರೀ ಇದು?"

"ಕೋಲು" ಎಂದೆ.

"ಇದ್ದದ್ದಕ್ಕೆ ಏನಾಗಿತ್ತು?"

ಏನೂ ಆಗಿರಲಿಲ್ಲ. ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿ, ಅಂಗಡಿಯಲ್ಲಿ ಸಾವಿರ ಸಲ ಕೇಳಿಸಿಕೊಂಡ ದನಿಯಲ್ಲೇ ಹೇಳಿದೆ, "ಅದಲ್ಲ ಮಾರಾಯ್ತಿ, ಸುಧಾಕರ ಬಳಸೋದು ಇದನ್ನೇ."